ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ನಿಕ್ ಕ್ಲೆಗ್ ಫೇಸ್‌ಬುಕ್ ಕಂಪನಿಯಲ್ಲಿ ಮಾಡಿದ್ದೇನು?

ಸರ್ಕಾರಗಳ ಮುಂದೆ ಕಂಪನಿಯ ಪರ ವಾದಿಸುವುದು. ಆ ಕೆಲಸಕ್ಕೆ ಅವರೇ ಏಕೆ ಎಂಬುದಕ್ಕೆ ಹಿನ್ನೆಲೆ ಬೇಕು.

1999ರಿಂದ 2004ರವರೆಗೆ ಕ್ಲೆಗ್ ಯುರೋಪಿಯನ್ ಸಂಸತ್ತಿನ ಸದಸ್ಯರಾಗಿದ್ದರು. 2007ರಲ್ಲಿ ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕರಾದರು. 2010ರಲ್ಲಿ ಯಾರಿಗೂ ಬಹುಮತ ಬಾರದಿದ್ದಾಗ ಕನ್ಸರ್ವೇಟಿವ್ ಪಕ್ಷದ ನಾಯಕ ಡೇವಿಡ್ ಕ್ಯಾಮರೂನ್ ಜೊತೆ ಸಮ್ಮಿಶ್ರ ಸರ್ಕಾರಕ್ಕೆ ಕೈಜೋಡಿಸಿದರು. ಮುಳುವಾದದ್ದು ಅದೇ. ವಿಶ್ವವಿದ್ಯಾಲಯದ ಶುಲ್ಕ ಏರಿಕೆಯನ್ನು ವಿರೋಧಿಸುತ್ತೇವೆಂದು ಚುನಾವಣೆಗೆ ಮೊದಲು ಸಹಿ ಹಾಕಿ ಮಾತು ಕೊಟ್ಟಿದ್ದವರು, ಅಧಿಕಾರಕ್ಕೆ ಬಂದ ಮೇಲೆ ಇಂಗ್ಲೆಂಡಿನಲ್ಲಿ ಅದರ ಮಿತಿಯನ್ನು ವರ್ಷಕ್ಕೆ 9,000 ಪೌಂಡಿಗೆ ಏರಿಸಲು ಒಪ್ಪಿದರು. 2012ರಲ್ಲಿ ವಿಡಿಯೊ ಮಾಡಿ ಕ್ಷಮೆಯನ್ನೂ ಕೇಳಿದರು. ಶುಲ್ಕ ಏರಿಸಿದ್ದಕ್ಕಲ್ಲ, ಮಾತು ಕೊಟ್ಟಿದ್ದಕ್ಕೆ! ಮತದಾರರು ಕರಗಲಿಲ್ಲ: 2015ರಲ್ಲಿ ಪಕ್ಷ 57 ಸ್ಥಾನಗಳಿಂದ 8ಕ್ಕೆ ಕುಸಿಯಿತು, 2017ರಲ್ಲಿ ಅವರೇ ಸೋತರು.

2018ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಅವರನ್ನು ಜಾಗತಿಕ ವ್ಯವಹಾರಗಳ ಉಪಾಧ್ಯಕ್ಷರನ್ನಾಗಿ ನೇಮಿಸಿತು. ಕೋಟ್ಯಂತರ ಬಳಕೆದಾರರ ಮಾಹಿತಿ ರಾಜಕೀಯ ಪ್ರಚಾರಕ್ಕೆ ದುರ್ಬಳಕೆಯಾದ ಕೇಂಬ್ರಿಜ್ ಅನಲಿಟಿಕಾ ಹಗರಣದಲ್ಲಿ ಕಂಪನಿಯ ಮಾನ ಹರಾಜಾಗಿದ್ದ ಹೊತ್ತದು. ಐರೋಪ್ಯ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನ ಒಳಹೊರಗು ಬಲ್ಲವರು ಕಂಪನಿಗೆ ಬೇಕಿತ್ತು. ತಂತ್ರಜ್ಞಾನ ಗೊತ್ತಿದ್ದವರಿಗೆ ಅಲ್ಲಿ ಬರವೇನೂ ಇರಲಿಲ್ಲವಲ್ಲ. ಡೊನಾಲ್ಡ್ ಟ್ರಂಪ್ ಖಾತೆಗಳಿಗೆ ಎರಡು ವರ್ಷಗಳ ನಿರ್ಬಂಧವನ್ನು 2021ರಲ್ಲಿ ಪ್ರಕಟಿಸಿದವರೂ 2023ರಲ್ಲಿ ಅದನ್ನು ತೆರವುಗೊಳಿಸುವುದಾಗಿ ಹೇಳಿದವರೂ ಕ್ಲೆಗ್ ಅವರೇ. ಚುನಾಯಿತ ಸರ್ಕಾರದಲ್ಲಿದ್ದಾಗಲೂ ಅವರ ಒಂದು ಮಾತಿಗೆ ಇಷ್ಟು ದೂರದ ಪರಿಣಾಮ ಇತ್ತೇ ಎಂಬುದು ನನ್ನ ಅನುಮಾನ.

2022ರಲ್ಲಿ ಜಾಗತಿಕ ವ್ಯವಹಾರಗಳ ಅಧ್ಯಕ್ಷ ಹುದ್ದೆಗೆ ಬಡ್ತಿ ಪಡೆದರು. 2025ರ ಜನವರಿಯಲ್ಲಿ, ಟ್ರಂಪ್ ಮತ್ತೆ ಅಧಿಕಾರ ವಹಿಸಿಕೊಳ್ಳುವ ಕೆಲವೇ ದಿನಗಳ ಮುಂಚೆ, ನಿರ್ಗಮನ ಘೋಷಿಸಿದರು. ಅವರ ಜಾಗಕ್ಕೆ ಬಂದವರು ರಿಪಬ್ಲಿಕನ್ ಹಿನ್ನೆಲೆಯ ಜೋಯೆಲ್ ಕ್ಯಾಪ್ಲನ್.