ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಹಾಕಬಹುದೇ?

ಪ್ರಶ್ನೆ: ಬ್ಲೀಚಿಂಗ್ ಪೌಡರ್, ಬಟ್ಟೆ ಒಗೆಯುವ ಸೋಡಾ, ಟಾಯ್ಲೆಟ್ ತೊಳೆಯುವ ಆಸಿಡ್ ಎಲ್ಲವೂ ಉಪ್ಪುನೀರಿನಿಂದಲೇ ಆಗುತ್ತವೆ ಎನ್ನುತ್ತಾಳೆ ಮಗಳು. ನಿಜವೇ? ಮೂಲ ಒಂದೇ ಆದರೆ ಪೌಡರ್, ಆಸಿಡ್ ಎರಡನ್ನೂ ಒಟ್ಟಿಗೆ ಹಾಕಿ ತೊಳೆಯಬಹುದಲ್ವಾ?
– ಓದುಗರೊಬ್ಬರು, ಕುಮಟಾ

ಉತ್ತರ: ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಖಂಡಿತ ಬೇಡ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ವಿಷ.

ನಿಮ್ಮ ಮಗಳು ಹೇಳಿದ್ದು ಸರಿ. ನಿಮ್ಮೂರಿನ ಹತ್ತಿರದ ಸಾಣಿಕಟ್ಟಾ ಆಗರದಲ್ಲಿ ಸಮುದ್ರದ ನೀರು ಒಣಗಿ ಉಪ್ಪಾಗುವುದನ್ನು ನೀವು ನೋಡಿರುತ್ತೀರಿ. ಕಾರ್ಖಾನೆಯವರು ಉಪ್ಪನ್ನು ಮತ್ತೆ ನೀರಿಗೆ ಹಾಕಿ ಕರಗಿಸುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ ಉಪ್ಪು. ಇವರಿಗೆ ಬೇಕಾದದ್ದು ಸುಮಾರು 300 ಗ್ರಾಂ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು, ನೀರಿಗೆ ವಿದ್ಯುತ್ ಹಾಯಿಸುತ್ತಾರೆ. ನಡುವೆ ತೆಳುವಾದ ಪೊರೆ ಇರುತ್ತದೆ. ಅದರ ಒಂದು ಬದಿ ಕ್ಲೋರಿನ್, ಇನ್ನೊಂದು ಬದಿ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಲು ಬರುವುದಿಲ್ಲ. ಒಂದು ಟನ್ ಕ್ಲೋರಿನ್ ಜೊತೆಗೆ ಸುಮಾರು 1.1 ಟನ್ ಕಾಸ್ಟಿಕ್ ಸೋಡಾ ಬಂದೇ ಬರುತ್ತದೆ. ಕಾರವಾರದ ಬಿಣಗಾದಲ್ಲೂ ಇಂಥ ಕಾರ್ಖಾನೆ ಇದೆ.

ಕಾಸ್ಟಿಕ್ ಸೋಡಾ ಸೋಪಿಗೆ, ಕಾಗದಕ್ಕೆ ಬೇಕು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯಲಿಕ್ಕೂ ಬೇಕು. ಬೆಳಗಾವಿಯಲ್ಲಿ ಆ ಕೆಲಸ ನಡೆಯುತ್ತದೆ. ಕ್ಲೋರಿನ್ ಅನ್ನು ಅರಳಿಸಿದ ಸುಣ್ಣದ ಮೇಲೆ ಹಾಯಿಸಿದರೆ ಬ್ಲೀಚಿಂಗ್ ಪೌಡರ್. ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ 1799ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಕ್ಲೋರಿನ್‌ನಲ್ಲಿ ಹೈಡ್ರೋಜನ್ ಉರಿಸಿ, ಬಂದದ್ದನ್ನು ನೀರಿನಲ್ಲಿ ಕರಗಿಸಿದರೆ ಹೈಡ್ರೋಕ್ಲೋರಿಕ್ ಆಸಿಡ್. ನಿಮ್ಮ ಟಾಯ್ಲೆಟ್ ಆಸಿಡ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ತೋಟದ ಪಿವಿಸಿ ಪೈಪಿನ ತೂಕದಲ್ಲೂ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ.

ಬಟ್ಟೆ ಸೋಡಾದ ದಾರಿ ಮಾತ್ರ ಬೇರೆ. ಅದಕ್ಕೆ ವಿದ್ಯುತ್ ಹಾಯಿಸುವುದಿಲ್ಲ. ಉಪ್ಪುನೀರಿಗೆ ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಸೇರಿಸಿದಾಗ ಮೊದಲು ಅಡುಗೆ ಸೋಡಾ ತಳಕ್ಕೆ ಇಳಿಯುತ್ತದೆ. ಅದನ್ನು ಕಾಯಿಸಿದರೆ ಸೋಡಾ ಆ್ಯಶ್, ಅಂದರೆ ಬಟ್ಟೆ ಸೋಡಾದ ಮೂಲ. ಗುಜರಾತಿನ ಮೀಠಾಪುರ ಇದಕ್ಕೆ ಹೆಸರುವಾಸಿ.

ಈಗ ನಿಮ್ಮ ಬಚ್ಚಲಿಗೆ ಬರೋಣ. ಪೌಡರಿನಲ್ಲಿ ಕ್ಲೋರಿನ್ ಅನ್ನು ಸುಣ್ಣ ಹಿಡಿದಿಟ್ಟಿದೆ. ಆಸಿಡ್ ಆ ಹಿಡಿತವನ್ನು ಬಿಡಿಸುತ್ತದೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇರಿ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ, ಕುಕ್ಕರುಗಾಲಲ್ಲಿ ಕೂತು ತಿಕ್ಕುವವರ ಮುಖದ ಎತ್ತರಕ್ಕೇ. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದ ತೇವದಲ್ಲಿ ಆಸಿಡ್ ಆಗುತ್ತದೆ. 1915ರಲ್ಲಿ ಬೆಲ್ಜಿಯಂನ ಈಪರ್‌ನಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಿಟಕಿ ಇಲ್ಲದ ಸಣ್ಣ ಬಚ್ಚಲಿನಲ್ಲಿ ಸ್ವಲ್ಪ ಅನಿಲವೂ ಜಾಸ್ತಿಯೇ.

ಅಕಸ್ಮಾತ್ ಸೇರಿಹೋದರೆ ತಕ್ಷಣ ಹೊರಗೆ ಬಯಲಿಗೆ ಬನ್ನಿ. ನೀರು ಸುರಿಯಲು ಮತ್ತೆ ಒಳಗೆ ಹೋಗಬೇಡಿ. ಕೆಮ್ಮು, ಎದೆ ಬಿಗಿತ, ಉಸಿರಾಟಕ್ಕೆ ತೊಂದರೆ ಇದ್ದರೆ ಸುಮ್ನೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಆಸಿಡ್ ಒಂದು ದಿನ ಬಳಸಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಪೌಡರ್ ಇನ್ನೊಂದು ದಿನ ಸಾಕು. ಎರಡನ್ನೂ ಒಂದೇ ಕಡೆ ಇಡಬೇಡಿ. ಪೌಡರ್ ತೇವ ತಾಗದಂತೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿರಲಿ. ತೆರೆದಿಟ್ಟರೆ ಅದರ ಕ್ಲೋರಿನ್ ಹಾರಿಹೋಗುತ್ತದೆ. ಘಾಟು ಹೋದ ಹಳೆಯ ಪೌಡರನ್ನು ಬಾವಿಗೆ ಹಾಕಿಯೂ ಪ್ರಯೋಜನವಿಲ್ಲ.