ಓದುಗರ ಪ್ರಶ್ನೆ: ಸೈಕಲ್ಲಿನ ಮುಂದಿನ ಫೋರ್ಕ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ಸೈಕಲ್ ಗೋಡೆಗೆ ಗುದ್ದಿ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲು, ಹಿಂದಕ್ಕೆ ಬಾಗಿದೆ. ತಿರುಗಿಸುವಾಗ ಕಾಲ್ಬೆರಳು ಟಯರಿಗೆ ತಾಗುತ್ತೆ. ಬಡಿದು ನೆಟ್ಟಗೆ ಮಾಡಿದರೆ ಸಾಕಾ? ಹೊಸದಾದರೆ ನಾನೇ ಹಾಕಬಹುದಾ? ಹ್ಯಾಂಡಲ್ ಕೆಳಗೆ ದೊಡ್ಡ ನಟ್ ಇರುವ ಹಳೇ ನಮೂನೆಯ ಸೈಕಲ್.

ಉತ್ತರ: ಬಡಿಯುವ ಯೋಚನೆ ಬಿಟ್ಟುಬಿಡಿ. ಬಾಗಿದ ಲೋಹವನ್ನು ಮತ್ತೆ ಬಗ್ಗಿಸಿದರೆ ಆ ಜಾಗ ದುರ್ಬಲವಾಗುತ್ತೆ, ಕಣ್ಣಿಗೆ ಕಾಣದ ಬಿರುಕು ಬಿಟ್ಟಿರಲೂಬಹುದು. ಓಡುವಾಗ ಫೋರ್ಕ್ ಮುರಿದರೆ ಸಾವರಿಸಿಕೊಳ್ಳಲು ಸಮಯವೇ ಇರಲ್ಲ, ಮುಖ ಅಡಿಯಾಗಿ ಬೀಳುತ್ತೀರಿ. ಹೊಸದೇ ಹಾಕಿ.

ಕೊಳ್ಳುವ ಮುಂಚೆ ಫ್ರೇಮ್ ನೋಡಿ. ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪಿಗೆ ಉದ್ದದ ಎರಡು ಪೈಪು ಬಂದು ಸೇರುತ್ತವಲ್ಲ, ಅವುಗಳ ಅಡಿಭಾಗದಲ್ಲಿ ಬೆರಳಾಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ, ಉಬ್ಬು ಸಿಕ್ಕರೆ ಫ್ರೇಮೂ ಬಾಗಿದೆ ಅಂತ ಅರ್ಥ, ಹೊಸ ಫೋರ್ಕಿಗೆ ದುಡ್ಡು ಸುರಿಯಬೇಡಿ.

ಫ್ರೇಮ್ ಸರಿಯಿದ್ದರೆ ಹಳೇದನ್ನು ಬಿಚ್ಚಿ ಅಳೆದುಕೊಂಡೇ ಅಂಗಡಿಗೆ ಹೋಗಿ. ಎಡವುವುದು ಹೆಚ್ಚಾಗಿ ಇಲ್ಲೇ. ಚಕ್ರದ ಸೈಜು, ಬ್ರೇಕ್ ಕೂರುವ ಜಾಗ ಒಂದೇ ಥರ ಇರಬೇಕು, ಅದು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಮರೆಯೋದು ಫ್ರೇಮಿನೊಳಗೆ ಹೋಗುವ ಪೈಪನ್ನು. ಅದರ ಹೊರ ಅಳತೆ ಒಂದು ಇಂಚು, ಅಂದರೆ 25.4 ಮಿ.ಮೀ., ಇಲ್ಲವೇ 28.6 ಮಿ.ಮೀ. ಇರುತ್ತೆ. ಥ್ರೆಡ್ ಇರುವ ಪೈಪಿನ ಉದ್ದವೂ ಹೊಂದಬೇಕು: ಚೂರು ಉದ್ದವಿದ್ದರೆ ವಾಷರ್ ಹಾಕಿ ಸರಿಮಾಡಬಹುದು, ಗಿಡ್ಡವಾದರೆ ನಟ್ ಕೂರಲ್ಲ.

ಬಿಚ್ಚುವಾಗ ಕೆಳಗೆ ಹಳೇ ಬಟ್ಟೆ ಹಾಸಿ. ಚಕ್ರ, ಬ್ರೇಕ್ ತೆಗೆದು, ಹ್ಯಾಂಡಲ್ ಮೇಲಿನ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲ ಮಾಡಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಿ. ಒಳಗೆ ಬಿಗಿದುಕೊಂಡ ಆಪು ಬಿಡುತ್ತೆ, ಹ್ಯಾಂಡಲ್ ಮೇಲಕ್ಕೆ ಬರುತ್ತೆ. ಆಮೇಲೆ ಒಂದು ಕೈಯಲ್ಲಿ ಫೋರ್ಕ್ ಹಿಡಿದುಕೊಂಡೇ ದೊಡ್ಡ ನಟ್ ಮತ್ತು ಅದರ ಕೆಳಗಿನ ಕಪ್ ಬಿಚ್ಚಿ, ಇಲ್ಲದಿದ್ದರೆ ಬಾಲ್ಸ್ ಎಲ್ಲ ಉದುರಿ ಚೆಲ್ಲಾಪಿಲ್ಲಿ. ಬಾಲ್ಸ್ ಕೂತಿರುವ ಬಳೆಯ ಯಾವ ಮಗ್ಗುಲು ಮೇಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗುಮುರುಗಾಗಿ ಹಾಕಿದರೆ ಹ್ಯಾಂಡಲ್ ಹಿಡಿದುಕೊಳ್ಳುತ್ತೆ.

ಹಳೇ ಫೋರ್ಕಿನಲ್ಲಿ, ಫ್ರೇಮಿನೊಳಗೆ ಹೋಗುವ ಪೈಪಿನ ಬುಡದಲ್ಲಿ ಒಂದು ಉಕ್ಕಿನ ರಿಂಗ್ ಕೂತಿರುತ್ತೆ. ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ಎಬ್ಬಿಸಿ. ಹೊಸದಕ್ಕೆ ಹಾಕುವಾಗ ಸರಿಹೊಂದುವ ಪೈಪ್ ತುಂಡು ತೂರಿಸಿ ಬಡಿದರೆ ರಿಂಗ್ ಸೊಟ್ಟಗಾಗದೆ ಇಳಿಯುತ್ತೆ. ಒಂದಿಂಚಿನ ಫೋರ್ಕಿನಲ್ಲೇ ಈ ರಿಂಗ್ 26.4 ಮತ್ತು 27 ಮಿ.ಮೀ. ಅಂತ ಎರಡು ಬಗೆ, ಹಾಗಾಗಿ ಸಡಿಲ ಅನಿಸಿದರೆ ಅಂಟು ಗಿಂಟು ಹಾಕದೆ ಸರಿಯಾದ ರಿಂಗ್ ತನ್ನಿ.

ಕಪ್‌ಗಳನ್ನು ಒರೆಸಿ, ಧಾರಾಳವಾಗಿ ಗ್ರೀಸ್ ಮೆತ್ತಿ ಜೋಡಿಸಿ. ಮೇಲಿನ ಕಪ್ಪನ್ನು ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ, ಅದು ಅಲುಗದಂತೆ ಹಿಡಿದು ನಟ್ ಬಿಗಿ ಮಾಡಿ. ಒಂದೇ ಸಲಕ್ಕೆ ಸರಿಬರಲ್ಲ, ಬೇಜಾರಾಗದೆ ಮತ್ತೆ ಮತ್ತೆ ಮಾಡಿ. ಹ್ಯಾಂಡಲ್ ಕಂಬ ಕನಿಷ್ಠ ಎಷ್ಟು ಒಳಗಿರಬೇಕು ಅಂತ ಅದರ ಮೇಲೆ ಹಾಕಿರುವ ಗುರುತು ಒಳಗೇ ಇರಲಿ, ಹೊರಗೆ ಕಂಡರೆ ಅಪಾಯ.

ಪ್ರಶ್ನೆ: ಫೋರ್ಕ್ ಹಾಕಿದ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಟಕ್ ಅನ್ನುತ್ತೆ. ನನ್ನದು ದೊಡ್ಡ ನಟ್ ಇಲ್ಲದ ಹೊಸ ನಮೂನೆ. ಮೇಲಿನ ಮುಚ್ಚಳದ ಬೋಲ್ಟ್ ಇನ್ನೂ ಬಿಗಿ ಮಾಡಲಾ?

ಉತ್ತರ: ಸುಮ್ನೆ ಬಿಗಿ ಮಾಡಬೇಡಿ. ಆ ಬೋಲ್ಟಿನ ಕೆಲಸ ಬೇರಿಂಗಿನ ಸಡಿಲ ತೆಗೆಯುವುದಷ್ಟೇ, ಹ್ಯಾಂಡಲನ್ನು ಹಿಡಿಯುವುದು ಪಕ್ಕದ ಎರಡು ಬೋಲ್ಟು. ಪಕ್ಕದವನ್ನು ಸಡಿಲ ಮಾಡಿ, ಮೇಲಿನದನ್ನು ಸ್ವಲ್ಪ ತಿರುಗಿಸಿ, ಹ್ಯಾಂಡಲ್ ನೇರ ಮಾಡಿ, ಪಕ್ಕದವನ್ನು ಮತ್ತೆ ಬಿಗಿಯಿರಿ. ಆಮೇಲೆ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಂದು ಕೈ ಫೋರ್ಕ್ ಫ್ರೇಮಿಗೆ ಸೇರುವಲ್ಲಿ ಇರಲಿ. ಅಲುಗಾಟ ಬೆರಳಿಗೆ ಗೊತ್ತಾಗುತ್ತೆ. ಮುಂಭಾಗ ಎತ್ತಿದಾಗ ಹ್ಯಾಂಡಲ್ ತಾನಾಗೇ ಸಲೀಸಾಗಿ ತಿರುಗಬೇಕು, ತಡೆದರೆ ಬಿಗಿ ಜಾಸ್ತಿಯಾಗಿದೆ.

ಎಷ್ಟು ತಿರುಗಿಸಿದರೂ ಸಡಿಲ ಹೋಗದಿದ್ದರೆ ಒಳಗಿನ ಪೈಪ್ ಮುಚ್ಚಳಕ್ಕೆ ತಾಗುತ್ತಿರಬೇಕು. ಪೈಪಿನ ತುದಿ ಮುಚ್ಚಳದಿಂದ ಸುಮಾರು 3 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಒಂದು ತೆಳು ರಿಂಗ್ ಸೇರಿಸಿ.