ಪರಿಸರ ಉಳೀಬೇಕು ಅಂತ ಎಲ್ಲರಿಗೂ ಗೊತ್ತಿದ್ರೂ ಬದಲಾವಣೆ ಯಾಕೆ ಇಷ್ಟು ನಿಧಾನ? ರಾಜಕಾರಣಿಗಳಿಗೆ ಮನಸ್ಸಿಲ್ವಾ?

ಮನಸ್ಸಿಲ್ಲ ಅನ್ನೋದು ಅರ್ಧ ಸತ್ಯ. ಬದಲಾವಣೆಯ ಹೊರೆ ಯಾರ ತಲೆ ಮೇಲೆ ಬೀಳುತ್ತೆ, ದುಡ್ಡು ಯಾರ ಕೈ ಸೇರುತ್ತೆ ಅನ್ನೋದರಲ್ಲೇ ಎಲ್ಲಾ ರಾಜಕೀಯ ಇರೋದು. ನಾನು ತುಮಕೂರು ಜಿಲ್ಲೆಯವನು, ಪಾವಗಡ ಕಡೆ ನೆಂಟರಿದ್ದಾರೆ, ಅದಕ್ಕೆ ಅಲ್ಲಿನ ವಿಷಯಾನೇ ಹೇಳ್ತೀನಿ.

ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ ಪೂರ್ತಿ ಆಯ್ತು. ಅಲ್ಲಿ ಸರ್ಕಾರ ರೈತರ ಜಮೀನನ್ನ ಸ್ವಾಧೀನ ಮಾಡ್ಕೊಳ್ಳಲಿಲ್ಲ, ಲೀಸಿಗೆ ತಗೊಳ್ತು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ಸಲ ಶೇ. 5 ಏರಿಕೆ, ಪಹಣಿ ರೈತನ ಹೆಸರಲ್ಲೇ ಇರುತ್ತೆ. ಮಳೆ ಕೈಕೊಟ್ಟು, ಬೋರ್ ಬತ್ತಿ, ಕಡ್ಲೆಕಾಯಿ ಹಾಕಿದ ಖರ್ಚೂ ವಾಪಸ್ ಬರದೆ ಬೆಂಗಳೂರಿಗೆ ಗುಳೆ ಹೋಗ್ತಿದ್ದ ಜನಕ್ಕೆ ಇದು ಸಣ್ಣ ಮಾತಲ್ಲ. ದೊಡ್ಡ ಗಲಾಟೆ ಇಲ್ದೆ ಇಷ್ಟು ಬೇಗ ಕೆಲಸ ಮುಗಿದಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನಗನ್ಸುತ್ತೆ.

ಆದ್ರೆ ಪಹಣಿನೇ ಇಲ್ದಿರೋರು? ಕಳೆ ಕೀಳೋಕೆ, ಕಾಯಿ ಬಿಡಿಸೋಕೆ ಕೂಲಿಗೆ ಹೋಗ್ತಿದ್ದ ಹೆಂಗಸರು, ಕುರಿ ಮೇಯಿಸ್ಕೊಂಡಿದ್ದೋರು, ಇವರ ಜೊತೆ ಯಾವ ಅಗ್ರಿಮೆಂಟೂ ಆಗ್ಲಿಲ್ಲ, ಯಾಕಂದ್ರೆ ಇವರ ಹತ್ರ ತೋರ್ಸೋಕೆ ಕಾಗದಾನೇ ಇಲ್ಲ. ಹೊಲ ಹೋದ್ಮೇಲೆ ಕೂಲಿ ಹೋಯ್ತು, ಬೇಲಿ ಬಂದ್ಮೇಲೆ ಮೇವು ಹೋಯ್ತು. ಸೆಕ್ಯುರಿಟಿ, ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು ಅಂತ ಒಂದಿಷ್ಟು ಕೆಲಸ ಇದೆ, ಆದ್ರೆ ಊರೂರಿನ ಕೂಲಿ ಜನಕ್ಕೆಲ್ಲ ಅದು ಎಲ್ಲಿ ಸಾಲುತ್ತೆ ಹೇಳಿ. ಒಂದೇ ಊರಲ್ಲಿ ಒಬ್ಬರಿಗೆ ಸೋಲಾರ್ ವರ ಆಯ್ತು, ಪಕ್ಕದ ಕೇರಿಯವರಿಗೆ ಹೊಟ್ಟೆ ಮೇಲೆ ಹೊಡೆತ.

ಹೊರಗಡೆನೂ ಇದೇ ಕಥೆ. ಫ್ರಾನ್ಸಲ್ಲಿ 2018ರಲ್ಲಿ ಹವಾಮಾನದ ಹೆಸರಲ್ಲಿ ಪೆಟ್ರೋಲ್ ಡೀಸೆಲ್ ತೆರಿಗೆ ಇನ್ನೂ ಏರಿಸ್ತೀವಿ ಅಂದಾಗ ಕಾರಿಲ್ದೆ ಕೆಲಸಕ್ಕೆ ಹೋಗೋಕಾಗದ ಸಣ್ಣ ಊರುಗಳ ಜನ ಹಳದಿ ಜಾಕೆಟ್ ಹಾಕ್ಕೊಂಡು ರಸ್ತೆಗಿಳಿದ್ರು, ಸರ್ಕಾರ ಅದೇ ಡಿಸೆಂಬರಲ್ಲಿ ಆ ಏರಿಕೆ ಕೈಬಿಡಬೇಕಾಯ್ತು. ಜರ್ಮನಿಯವರು ಕಲ್ಲಿದ್ದಲು ಬಿಡೋ ಮಾತು ಬಂದಾಗ ಕಾರ್ಮಿಕ ಸಂಘದವರನ್ನೂ ಸಮಿತಿಯಲ್ಲಿ ಕೂರಿಸ್ಕೊಂಡ್ರು, ಗಣಿ ಪ್ರದೇಶಗಳಿಗೆ 40 ಬಿಲಿಯನ್ ಯೂರೋವರೆಗೂ ಕೊಡ್ತೀವಿ ಅಂದು 2020ರಲ್ಲಿ ಕಾನೂನು ಮಾಡಿದ್ರು. ಅವರ ಗಡುವು 2038, ಅದು ತುಂಬಾ ತಡ ಆಯ್ತು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಕೆಲಸ ಕಳ್ಕೊಳ್ಳೋರನ್ನ ಮೊದಲೇ ಕೂರಿಸಿ ಕೇಳಿದ್ದು ಸರಿಯಾದ ಕ್ರಮ.

ನಿಮ್ಮ ಕಡೆನೂ ಇಂಥ ಪಾರ್ಕ್ ಬರ್ತಿದ್ರೆ ಲೀಸ್ ಕಾಗದಕ್ಕೆ ಸಹಿ ಬೀಳೋಕೂ ಮುಂಚೆ ಗ್ರಾಮಸಭೆಯಲ್ಲಿ ಭೂಮಿ ಇಲ್ಲದ ಮನೆಗಳ ಪಟ್ಟಿ ಮಾಡಿಸಿ, ಮಾರೋ ಪ್ರತಿ ಯೂನಿಟ್ ಕರೆಂಟಲ್ಲಿ ಒಂದೆರಡು ಪೈಸೆ ಆದ್ರೂ ಆ ಮನೆಗಳಿಗೆ ಹೋಗಬೇಕು ಅಂತ ಬರೆಸ್ಕೊಳ್ಳಿ, ಓಟು ಕೇಳೋಕೆ ಬಂದೋರ ಹತ್ರಾನೂ ಇದನ್ನೇ ಕೇಳಿ.